ಟೈಪಿಸ್ಟಮ್ಮನ ಕಪ್ಪು ಪರದೆ

ಮಳೆ ಹಿಂದಾಗಿ ಚಳಿ ಇನ್ನೂ ಕಾಲಿಡದ ದಿನಗಳು ಅವು. ಬೆಳಗಿನ ಹತ್ತೂವರೆ ಆಗಿರಬೇಕು. ಎದುರು ಗೋಡೆಯ ಬಿಸಿಲು ನನ್ನ ಅಂಗಡಿಯ ಎರಡನೇ ಮೆಟ್ಟಿಲಿಗೆ ಇಳಿಯುವುದು ಆ ಹೊತ್ತಿಗೇ. ನನ್ನದು ಟಿ.ವಿ. ರಿಪೇರಿ ಅಂಗಡಿ. ರಿಪೇರಿಗೆಂದು ಬಂದು, ರಿಪೇರಿಯೂ ಆಗಿ, ಯಾರೂ ವಾಪಸು ಒಯ್ಯದ ಹನ್ನೊಂದು ಹಳೇ ಟಿ.ವಿ.ಗಳು ಅಲ್ಲಿದ್ದವು. ಅವುಗಳ ನಡುವೆ ನಾನು. ಹೆಚ್ಚುಕಡಿಮೆ ನಮ್ಮೆಲ್ಲರ ಪಾಡು ಒಂದೇ.

ಆ ಬಿಸಿಲು ದಾಟಿ ಒಬ್ಬ ಹೆಂಗಸು ಒಳಗೆ ಬಂದರು. ಕಂಪ್ಯೂಟರಿನ ಪರದೆಯನ್ನು ಹೊದಿಕೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡಿದ್ದರು. ಕಿವಿಯ ಪಕ್ಕದ ನರೆಗೂದಲು ಎರಡೆಳೆ ಬೆವರಿಗೆ ಒದ್ದೆಯಾಗಿ ಕೆನ್ನೆಗೆ ಅಂಟಿತ್ತು.

"ಇದರ ಜೀವ ಹೋಗಿದೆ. ನೋಡ್ತೀರಾ?" ಎಂದರು.

ಹಿಂದಿನ ಬೀದಿಯ ಎರಡನೇ ಮಹಡಿಯ ಟೈಪಿಸ್ಟಮ್ಮ ಅವರು. ಕೋರ್ಟಿನ ಅರ್ಜಿ, ಕಾಲೇಜಿನವರ ಪ್ರಬಂಧ, ಮದುವೆಯ ಕರೆಯೋಲೆ, ಎಲ್ಲವನ್ನೂ ಮನೆಯಲ್ಲೇ ಕೂತು ಟೈಪ್ ಮಾಡಿಕೊಡುವವರು. ಗಂಡ ತೀರಿಹೋಗಿ ಬಹಳ ವರ್ಷವಾಯಿತು, ವಯಸ್ಸಾದ ಅತ್ತೆಯನ್ನು ನೋಡಿಕೊಂಡಿದ್ದಾರೆ ಎಂಬುದು ಬೀದಿಗೆಲ್ಲ ಗೊತ್ತಿದ್ದ ವಿಷಯ. ದೂರದಿಂದ ನೋಡಿದ್ದೆ. ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ.

ಪರದೆಗೆ ಕರೆಂಟು ಕೊಟ್ಟು ನನ್ನ ಬಳಿಯಿದ್ದ ಹಳೇ ಕಂಪ್ಯೂಟರ್ ಪೆಟ್ಟಿಗೆಯೊಂದಕ್ಕೆ ಸಿಕ್ಕಿಸಿದೆ. ಚಿತ್ರ ಸ್ವಚ್ಛವಾಗಿ ಬಂತು.

"ಚೆನ್ನಾಗೇ ಇದೆಯಲ್ಲ ಮೇಡಂ."

"ಚೆನ್ನಾಗಿದ್ರೆ ಮನೇಲಿ ಯಾಕೆ ಕಪ್ಪಗೆ ಕೂತಿರುತ್ತೆ?"

ಹೊತ್ತುಕೊಂಡು ಹೋದರು. ಸಂಜೆ ಮತ್ತೆ ಹೊತ್ತುಕೊಂಡು ಬಂದರು. ನಲವತ್ತು ವರ್ಷ ಟಿ.ವಿ. ಬಿಚ್ಚಿದ ಕೈ ನನ್ನದು. ಚಿತ್ರ ಬರಲಿಲ್ಲವೆಂದರೆ ದೋಷ ಪರದೆಯ ಬೆನ್ನಲ್ಲೇ ಇರಬೇಕು ಎಂಬುದು ನನ್ನ ಮೂಳೆಗೆ ಇಳಿದ ಪಾಠ. ಬಿಚ್ಚಿದೆ. ಏನೂ ಸಿಗಲಿಲ್ಲ. ಬರಿಗೈಲಿ ಕಳಿಸಲು ಮನಸ್ಸಾಗದೆ, ಗಟ್ಟಿಯಾಗಿದ್ದ ಬೆಸುಗೆಯ ಮೇಲೇ ಇನ್ನೊಂದು ಬೊಟ್ಟು ಸಾಲ್ಡರ್ ಇಟ್ಟು ಕಳಿಸಿದೆ.

ಮರುದಿನ ಮೂರನೇ ಸಲ ಬಂದಾಗ ಅವರ ಹುಬ್ಬು ಮೇಲೇರಿತ್ತು. "ಇದು ನಿಮ್ಮ ಅಂಗಡೀಲಿ ಮಾತ್ರ ಬದುಕುತ್ತಾ? ನಮ್ಮನೆ ಗಾಳಿ ಆಗಲ್ವಾ ಇದಕ್ಕೆ?"

ಕೋಪವೋ ತಮಾಷೆಯೋ ತಿಳಿಯಲಿಲ್ಲ. ತುಟಿ ಬಿಗಿಯಾಗಿತ್ತು, ಕಣ್ಣಂಚಿನಲ್ಲಿ ಮಾತ್ರ ಏನೋ ಸಣ್ಣಗೆ ಮಿನುಗಿ ಮರೆಯಾಯಿತು. ಆ ಮಿನುಗಿನ ಹಿಂದೆಯೇ ನಾನು ಅಂಗಡಿಯ ಬಾಗಿಲು ಎಳೆದುಕೊಂಡು ಎರಡು ಮಹಡಿ ಹತ್ತಿದೆ. ಪರದೆ ಈ ಸಲ ನನ್ನ ತೋಳಿನಲ್ಲಿತ್ತು.

ಮನೆ ಎಂದರೆ ಒಂದೂವರೆ ಕೋಣೆ. ಕಿಟಕಿಯ ಕೆಳಗೆ ಟೈಪಿನ ಮೇಜು, ಗೋಡೆಗೆ ತಾಗಿ ಅತ್ತೆಯ ಮಂಚ. ಅತ್ತೆಗೆ ಕಿವಿ ಮಂದ. ಹಾಗಾಗಿ ಲೋಕಕ್ಕೆಲ್ಲ ಕಿವಿ ಮಂದ ಎಂದುಕೊಂಡು ಮಾತಾಡುವವರು.

"ಯಾರೇ ಇವನು?"

"ಟಿ.ವಿ. ಮೆಕ್ಯಾನಿಕ್ಕು, ಅತ್ತೆ!"

"ನಮ್ಮನೇಲಿ ಟಿ.ವಿ.ನೇ ಇಲ್ವಲ್ಲೇ!"

ಬಟನ್ ಒತ್ತಿ ನೋಡಿದೆ. ಮೊದಲು ಕಂಪನಿಯ ಗುರುತು ಬಂತು. ಆಮೇಲೆ ಎಲ್ಲ ಕಪ್ಪು. ಎಡಗಡೆ ಮೂಲೆಯಲ್ಲಿ ಮಾತ್ರ ಉಗುರಿನಷ್ಟು ಬಿಳೀ ಗೆರೆ ಮಿಟುಕುತ್ತಿತ್ತು. ಆಗ ನನಗೆ ಹೊಳೆಯಿತು. ಗುರುತು ಕಾಣಿಸಿದ್ದರೆ ಪರದೆಯ ಕಣ್ಣು ನೆಟ್ಟಗಿದೆ ಎಂದೇ ಅರ್ಥ. ನೋಡುವುದಕ್ಕೆ ಒಳಗಿನವರು ಏನೂ ಕಳಿಸುತ್ತಿಲ್ಲ, ಅಷ್ಟೆ.

"ಇದಕ್ಕೆ ಹೊಸದಾಗಿ ಏನಾದ್ರೂ ಮಾಡಿದ್ರಾ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ. "ತಂಗಿ ಫೋನಲ್ಲಿ ಹೇಳಿಕೊಟ್ಟಳು. ಕಂಪ್ಯೂಟರ್ ನಡೆಸೋ ಹಳೇ ಸಾಫ್ಟ್‌ವೇರು ಆಮೆ ಥರ ಆಗಿದೆ, ಅದರ ಬದಲು ಲಿನಕ್ಸ್ ಹಾಕ್ಕೋ ಅಂತ. ಪೆನ್‌ಡ್ರೈವ್ ಕಳಿಸಿದ್ಲು. ಹಾಕೋವಾಗ ಎಲ್ಲ ಕಾಣ್ತಿತ್ತು. ಮುಗೀತು, ರೀಸ್ಟಾರ್ಟ್ ಮಾಡು ಅಂತು. ಮಾಡಿದೆ. ಅವತ್ತಿಂದ ಅಮಾವಾಸ್ಯೆ."

"ಮೂರು ಸಲ ಬಂದ್ರಲ್ಲ, ಮೊದಲೇ ಹೇಳಬಾರದಿತ್ತಾ?"

"ನೀವು ಮೊದಲೇ ಕೇಳಬಾರದಿತ್ತಾ?"

ಅವರು ಗೆದ್ದವರ ಹಾಗೆ ಒಮ್ಮೆ ನೋಡಿ ಟೀ ಇಡಲು ಹೋದರು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇಂಗ್ಲಿಷಿನ ಅಕ್ಷರಗಳು ಟಿ.ವಿ.ಯ ಬಿಡಿಭಾಗಗಳ ಮೈಮೇಲೆ ಓದಿ ಪರಿಚಯ, ಒಂದೊಂದಾಗಿ. ಸೇರಿಸಿ ಓದು ಎಂದರೆ ತಡವರಿಸುತ್ತೇನೆ. ಆದರೆ ಕೇಳಿ ತಿಳಿದುಕೊಳ್ಳಲು ನಾಚಿಕೆಯಿಲ್ಲ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಒಬ್ಬ ಅಟೆಂಡರ್ ಇದ್ದ, ನನ್ನ ಓರಗೆಯವನು. ಸೊಂಟದಲ್ಲಿ ಸದಾ ಕೀಲಿ ಜಣಜಣ ಅನ್ನುತ್ತಿದ್ದುದರಿಂದ ಎಲ್ಲರೂ ಅವನನ್ನು ಕೀಲಿಗೊಂಚಲು ಎಂದೇ ಕರೆಯುತ್ತಿದ್ದರು. ಅವನನ್ನು ಹಿಡಿದೆ.

"ಅದರೊಳಗೆ ಚಿತ್ರ ಬರೆಯೋಕೆ ಅಂತ್ಲೇ ಬೇರೆ ಕಾರ್ಡ್ ಇರುತ್ತೆ ಕಣೋ," ಎಂದ. "ಅವರದ್ದು ಓಬೀರಾಯನ ಕಾಲದ್ದಿರಬೇಕು. ಹೊಸ ಲಿನಕ್ಸು ಏಳ್ತಾ ಇದ್ದ ಹಾಗೇ ಅದರ ಹತ್ರ ತನ್ನ ಧಾಟೀಲಿ ಮಾತಾಡೋಕೆ ಹೋಗುತ್ತೆ. ಮುದುಕ ಗಲಿಬಿಲಿಯಾಗಿ ಬಾಯಿ ಮುಚ್ಕೋತಾನೆ. 'ಸದ್ಯಕ್ಕೆ ಅವನ ತಂಟೆಗೆ ಹೋಗ್ಬೇಡ' ಅಂತ ಹೇಳೋಕೆ ಒಂದು ಪದ ಇದೆ."

ಚೀಟಿಯಲ್ಲಿ ಬರೆದುಕೊಟ್ಟ. ಬಟನ್ ಒತ್ತಿದ ಕೂಡಲೇ ಎಸ್ಕೇಪ್ ತಟ್ಟಬೇಕು. ಒಂದು ಪಟ್ಟಿ ಬರುತ್ತದೆ. ಅಲ್ಲಿ 'ಇ' ಒತ್ತಬೇಕು. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು, 'ನೋಮೋಡ್‌ಸೆಟ್' ಎಂದು ಒಂಬತ್ತು ಅಕ್ಷರ ಸೇರಿಸಬೇಕು. ಆಮೇಲೆ ಎಫ್ ಹತ್ತು.

ಮರುದಿನ ಅವರ ಕುರ್ಚಿಯಲ್ಲಿ ಕೂತು ಒಂದೇ ಬೆರಳಿನಲ್ಲಿ ಆ ಒಂಬತ್ತು ಅಕ್ಷರ ಹುಡುಕಿ ಹುಡುಕಿ ಒತ್ತಿದೆ. ಪಕ್ಕದಲ್ಲೇ ನಿಂತಿದ್ದರು. ಅವರ ನೋಟ ಪರದೆಯ ಮೇಲಿರಲಿಲ್ಲ. ನನ್ನ ಬೆರಳಿನ ಮೇಲಿತ್ತು. ಬೆರಳು ಬೆಚ್ಚಗಾದ ಹಾಗೆನ್ನಿಸಿತು.

"ಕೋಳಿ ಕಾಳು ಹೆಕ್ಕಿದ ಹಾಗಿದೆ," ಎಂದರು.

"ಕಾಳು ಸಿಕ್ಕಿದ್ರೆ ಸಾಕಲ್ಲ ಮೇಡಂ."

ಸಿಕ್ಕಿತು. ಕಪ್ಪು ಸರಿದು ನೀಲಿ ಬಂತು. ಅಕ್ಷರಗಳು ಮಾತ್ರ ಊದಿಕೊಂಡ ಹಾಗೆ ದಪ್ಪದಪ್ಪ. ಟೈಪಿಸ್ಟಮ್ಮ ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡರು. ಮುಚ್ಚಿದರೂ ನಗು ಕಣ್ಣಿನ ಕಡೆಯಿಂದ ಆಚೆ ಬಂದೇ ಬಂತು.

ಆದರೆ ಆ ಪದದ ಬಾಳು ಒಂದೇ ದಿನದ್ದು. ಮೆಷಿನ್ ಆರಿಸಿದರೆ ಅದು ಎಲ್ಲ ಮರೆತುಬಿಡುತ್ತದೆ. ಮತ್ತೆ ಹಚ್ಚಿದಾಗ ಮತ್ತೆ ಹೇಳಬೇಕು. ಮಾರನೇ ಬೆಳಿಗ್ಗೆ ನನ್ನ ಅಂಗಡಿಯ ಕಡೆಗಿದ್ದ ಕಿಟಕಿಯಿಂದ ಬಗ್ಗಿ ಕೂಗಿದರು, "ಮೆಕ್ಯಾನಿಕ್ಕರೇ! ಮತ್ತೆ ಅಮಾವಾಸ್ಯೆ!"

"ನೀವೇ ಒತ್ಕೋಬಹುದಲ್ಲ, ಚೀಟಿ ಕೊಡ್ಲಾ?" ಎಂದೆ, ಮೇಲೆ ಹೋದ ಮೇಲೆ.

"ಅಯ್ಯೋ ಬೇಡಪ್ಪ. ಕಪ್ಪು ಕಂಡ್ರೆ ನನ್ನ ಕೈ ನಡುಗುತ್ತೆ. ನೀವೇ ಒತ್ತಿ."

ಹೀಗೆ ಶುರುವಾದದ್ದು ದಿನಚರಿಯಾಯಿತು. ಬೆಳಿಗ್ಗೆ ಹತ್ತಕ್ಕೆ ಹೋಗುವುದು, ಒಂಬತ್ತು ಅಕ್ಷರ, ಒಂದು ಲೋಟ ಟೀ, ಹತ್ತು ಮಾತು. ಹಣ ಕೊಡಲು ಬಂದರೆ ನಾನು ಮೆಟ್ಟಿಲಿಳಿದುಬಿಡುತ್ತಿದ್ದೆ. ನನಗೆ ಮದುವೆಯಾಗಲಿಲ್ಲ. ಇಬ್ಬರು ತಂಗಿಯರನ್ನು ದಡ ಮುಟ್ಟಿಸುವ ಹೊತ್ತಿಗೆ ನನ್ನ ದೋಣಿಗೆ ವಯಸ್ಸಾಗಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಿಗ್ಗೆ ಎದ್ದರೆ, ಇಂಥಲ್ಲಿಗೆ ಇಷ್ಟು ಹೊತ್ತಿಗೆ ಹೋಗಬೇಕು ಎಂಬುದು ಇರಲಿಲ್ಲ. ಈಗ ಇತ್ತು. ಅದಕ್ಕೆಂದೇ ಅಂಗಿಗೆ ಇಸ್ತ್ರಿ ಹಾಕಿಸತೊಡಗಿದೆ.

ಅತ್ತೆ ಬಿಡುವವರಲ್ಲ. "ಏನಪ್ಪಾ ಮೆಕ್ಯಾನಿಕ್ಕಾ, ದಿನಾ ಬರ್ತೀಯಲ್ಲ. ನೀನು ರಿಪೇರಿ ಮಾಡೋಕೆ ಬರ್ತೀಯೋ, ಕೆಡಿಸೋಕೆ ಬರ್ತೀಯೋ?"

ಟೈಪಿಸ್ಟಮ್ಮ ಕೀಲಿಮಣೆಯ ಮೇಲೆ ಇಲ್ಲದ ಧೂಳು ಒರೆಸಿದರು.

ಚಳಿ ಬಂತು. ಟೈಪಿಸ್ಟಮ್ಮ ಟ್ರಂಕಿನಿಂದ ಬೂದು ಬಣ್ಣದ ಶಾಲು ತೆಗೆದ ದಿನ ಸಂಜೆ ಕೀಲಿಗೊಂಚಲು ಸಿಕ್ಕಿದ. "ಇನ್ನೂ ದಿನಾ ಹೋಗಿ ಒತ್ತಿ ಬರ್ತಿದ್ದೀಯಾ? ಹುಚ್ಚಾ! ಆ ಕಾರ್ಡಿಗೆ ಒಪ್ಪೋ ಡ್ರೈವರ್, ಅಂದ್ರೆ ಅದರ ಭಾಷೆ ಬಲ್ಲ ಸಾಫ್ಟ್‌ವೇರು, ಹಾಕಿಬಿಟ್ರೆ ತಾನಾಗೇ ಏಳುತ್ತೆ. ಒಂದು ಗಂಟೆ ಕೆಲಸ," ಎಂದು ಇನ್ನೊಂದು ಚೀಟಿ ಬರೆದುಕೊಟ್ಟ.

ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟೆ. ಮರುದಿನ ಹೇಳೋಣವೆಂದುಕೊಂಡು ಹೋದೆ. ಒಂಬತ್ತು ಅಕ್ಷರ ಒತ್ತಿ ಬಂದೆ. ಅದರ ಮರುದಿನವೂ ಹಾಗೇ. ಅಂಗಿ ಬದಲಾದಾಗಲೆಲ್ಲ ಚೀಟಿಯೂ ಜೇಬು ಬದಲಾಯಿಸುತ್ತಿತ್ತು. ಒಂದು ಗಂಟೆ ಕೆಲಸ ಮಾಡಿ ಮುಗಿಸಿದರೆ, ಆಮೇಲೆ ಯಾವ ಮುಖ ಹೊತ್ತುಕೊಂಡು ಆ ಮೆಟ್ಟಿಲು ಹತ್ತುವುದು? ಕಳ್ಳತನವೆಂದು ಗೊತ್ತಿತ್ತು. ಇದ್ದುದನ್ನು ಕದಿಯುವವರುಂಟು, ನಾನು ಕೊಡಬೇಕಾದದ್ದನ್ನು ಕದ್ದೆ.

ಚಳಿಗಾಲದ ನಡುವೆ ನನಗೆ ಜ್ವರ ಬಂತು. ಎರಡು ದಿನ ಏಳಲಾಗಲಿಲ್ಲ. ಜ್ವರಕ್ಕಿಂತ ಸಂಕಟ ಬೇರೆಯಿತ್ತು. ಆ ವಾರ ಅವರು ಒಬ್ಬ ಹುಡುಗಿಯ ಪ್ರಬಂಧ ಮುಗಿಸಿ ಕೊಡಬೇಕಿತ್ತು. ಅವಳ ವರ್ಷವೇ ಅದರ ಮೇಲಿತ್ತು. ನನ್ನ ಜೇಬಿನಲ್ಲಿ ಚೀಟಿ, ಅವರ ಮೇಜಿನ ಮೇಲೆ ಕಪ್ಪು. ಮೂರನೇ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಎರಡು ಮಹಡಿ ಹತ್ತಿದೆ.

ಅರ್ಧ ತೆರೆದ ಬಾಗಿಲಿನಿಂದ ಟಕಟಕ ಸದ್ದು ಬರುತ್ತಿತ್ತು. ಪರದೆ ಬೆಳಗುತ್ತಿತ್ತು. ಟೈಪಿಸ್ಟಮ್ಮ ಹತ್ತೂ ಬೆರಳಿನಲ್ಲಿ ಮಳೆ ಸುರಿದ ಹಾಗೆ ಒತ್ತುತ್ತಿದ್ದರು.

ನನ್ನನ್ನು ಮೊದಲು ಕಂಡವರು ಅತ್ತೆ. "ಬಂದ್ಯಾ? ನೀನಿಲ್ದಿದ್ರೂ ನಡೀತಪ್ಪ! ಅವಳೇ ಒತ್ಕೊಂಡ್ಳು. ಕಣ್ಣು ಮುಚ್ಚಿ ತೆಗೆಯೋದರೊಳಗೆ ಮುಗಿಸಿದ್ಳು. ನೀನಾದ್ರೆ ಅರ್ಧ ಗಂಟೆ!"

ಟಕಟಕ ನಿಂತಿತು. ಅವರು ತಿರುಗಲಿಲ್ಲ. ಕತ್ತಿನ ಹಿಂಬದಿ ಕೆಂಪಗಾದದ್ದು ಶಾಲಿನ ಮೇಲಿಂದ ಕಂಡಿತು. ದಿನಕ್ಕೆ ಮೂವತ್ತು ಹಾಳೆ ಟೈಪ್ ಮಾಡುವವರಿಗೆ ಒಂಬತ್ತು ಅಕ್ಷರ ಯಾವ ಲೆಕ್ಕ? ಮೊದಲ ದಿನ ನೋಡಿದಾಗಲೇ ಬಂದಿತ್ತು ಅವರಿಗೆ. ಇಷ್ಟು ದಿನವೂ ಬರುತ್ತಿತ್ತು. ಅದು ನನ್ನ ಮಂದ ತಲೆಗೆ ಹೊಕ್ಕಿದ್ದು ಆಗ.

"ಜ್ವರಾನಾ? ಇಳಿದೋಗಿದ್ದೀರಿ," ಎಂದರು, ಪರದೆಗೆ ಹೇಳಿದ ಹಾಗೆ.

"ಹೂಂ."

"ಕೂತ್ಕೊಳ್ಳಿ. ಬಿಸಿನೀರು ತರ್ತೀನಿ."

ಅಷ್ಟೇ ಮಾತು. ಮರುದಿನ ಹೋಗಲೋ ಬೇಡವೋ ಎಂದು ಅಂಗಡಿಯಲ್ಲಿ ಕೂತು ಹತ್ತು ಸಲ ಎದ್ದೆ. ಹತ್ತಾಯಿತು. ಹತ್ತು ಹತ್ತಾಯಿತು. ಕಿಟಕಿ ತೆರೆದ ಸದ್ದು.

"ಮೆಕ್ಯಾನಿಕ್ಕರೇ! ಕಾಣ್ತಿಲ್ಲ ಇಲ್ಲಿ!"

ಮೇಲೆ ಹೋದೆ. ಮೆಷಿನ್ ಆರಿಸಿಟ್ಟು, ಕೈಕಟ್ಟಿಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದ ಹಾಗೆ ನಿಂತಿದ್ದರು. ನಾನೂ ಗಂಭೀರವಾಗಿ ಕೂತು ಒಂದೇ ಬೆರಳಿನಲ್ಲಿ ಒತ್ತಿದೆ. ಐದನೇ ಅಕ್ಷರಕ್ಕೆ ನನಗೆ ನಗು ತಡೆಯಲಾಗಲಿಲ್ಲ. ಆರನೆಯದಕ್ಕೆ ಅವರಿಗೆ.

"ಏನೇ ಅದು ನಗು?" ಎಂದರು ಅತ್ತೆ.

"ಏನಿಲ್ಲ ಅತ್ತೆ, ಮೆಷಿನ್ ಕೆಟ್ಟಿದೆ!"

ಆಮೇಲಿನ ಐದು ವಾರ ನನ್ನ ಬದುಕಿನಲ್ಲಿ ನಾನು ಬಿಡಿಬಿಡಿಯಾಗಿ ನೆನಪಿಟ್ಟುಕೊಂಡಿರುವ ವಾರಗಳು. ಯಾವ ದಿನ ಯಾವ ಲೋಟ, ಯಾವ ದಿನ ಕೂದಲಿಗೆ ಎಣ್ಣೆ ಹಚ್ಚಿದ್ದರು, ಯಾವ ದಿನ ಕನ್ನಡಕ ಹುಡುಕಿದ್ದರು, ಹೇಳಬಲ್ಲೆ. ಕನ್ನಡಕ ತಲೆಯ ಮೇಲೇ ಇತ್ತು. ಹೇಳದೆ ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದೆ. ಆದರೂ ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ದಿನಾ ಸಿಗುತ್ತಿರುವುದನ್ನು ಕೇಳಲು ಹೋಗಿ ಕಳೆದುಕೊಂಡರೆ ಎಂಬ ಭಯ. ಚೀಟಿಯ ವಿಷಯವನ್ನೂ ಹೇಳಲಿಲ್ಲ.

ಚಳಿ ಇಳಿಯುವ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಇನ್ನು ಮೆಟ್ಟಿಲು ಹತ್ತುವ ಮಾತೇ ಇಲ್ಲ ಎಂದರು ಡಾಕ್ಟರು. ಅತ್ತೆಗೆ ಒಬ್ಬಳೇ ಮಗಳು, ಒಂದು ದಿನದ ಹಾದಿಯ ಊರಿನಲ್ಲಿ; ಅವರದ್ದು ನೆಲದಂತಸ್ತಿನ ಮನೆ. ಆಕೆ ಬಂದು ತಾಯಿಯನ್ನು ಆಸ್ಪತ್ರೆಯಿಂದಲೇ ಗಾಡಿಯಲ್ಲಿ ಮಲಗಿಸಿಕೊಂಡು ಹೋದರು. ಸಾಮಾನು ಕಟ್ಟಿಕೊಂಡು ಬರಲು ಟೈಪಿಸ್ಟಮ್ಮ ಎರಡು ದಿನ ಇಲ್ಲೇ ಉಳಿದರು.

ಮಂಗಳವಾರ ಕಿಟಕಿಯಿಂದ ಕೂಗಲಿಲ್ಲ. ಅಂಗಡಿಗೇ ಬಂದರು.

"ಅದನ್ನ ಪೂರ್ತಿ ಸರಿ ಮಾಡೋಕಾಗುತ್ತಾ? ಅಲ್ಲಿ..." ಎಂದು ನಿಲ್ಲಿಸಿದರು. "ಅಲ್ಲಿ ಒತ್ತೋರು ಯಾರೂ ಇರಲ್ಲ."

ಜೇಬಿನಿಂದ ಚೀಟಿ ತೆಗೆದೆ. ಮಡಿಕೆಗಳಲ್ಲಿ ಸವೆದು ನಾಲ್ಕು ಚೂರಾಗುವುದರಲ್ಲಿತ್ತು. ಅವರು ಅದನ್ನೇ ನೋಡಿದರು.

"ಯಾವಾಗಿಂದ ಇದೆ ಇದು?"

"ನೀವು ಶಾಲು ತೆಗೆದ ದಿನದಿಂದ."

ಬೈಯುತ್ತಾರೆಂದುಕೊಂಡೆ. ಚೀಟಿಯನ್ನು ಅಂಗೈ ಮೇಲಿಟ್ಟುಕೊಂಡು, ಹರಿಯದ ಹಾಗೆ ಬಿಡಿಸಿ, "ಬನ್ನಿ. ನಾನು ಓದ್ತೀನಿ, ನೀವು ಒತ್ತಿ," ಎಂದರು.

ಮಂಚ ಖಾಲಿಯಿತ್ತು. ಪಾತ್ರೆಗಳೆಲ್ಲ ಗೋಣಿಚೀಲ ಸೇರಿದ್ದವು. ಮಾತಿಗೆ ಗೋಡೆಯಿಂದ ಮಾರ್ದನಿ ಬರುತ್ತಿತ್ತು. ಅವರ ಫೋನಿನಿಂದ ಮೆಷಿನ್ನಿಗೆ ನೆಟ್ ಕೊಟ್ಟೆವು. ಡ್ರೈವರುಗಳ ಪಟ್ಟಿ ಬಂತು. ಒಂದೇ ಹೆಸರಿನ ಮುಂದೆ ಬೇರೆ ಬೇರೆ ಅಂಕಿ. ದೊಡ್ಡ ಅಂಕಿ ಒಳ್ಳೆಯದಿರಬೇಕೆಂದು ಮೇಲಿನದನ್ನೇ ಆರಿಸಿದೆ. ಅದು ನೆಟ್ಟಿನಿಂದ ಇಳಿಯಲು ಅರ್ಧ ಗಂಟೆ ಹಿಡಿಯಿತು. ರೀಸ್ಟಾರ್ಟ್ ಮಾಡಿದರೆ ಗೋರಿಯಷ್ಟು ಕಪ್ಪು. ಮಿಟುಕುವ ಗೆರೆಯೂ ಇಲ್ಲ.

"ಹಳೇ ಕಾರ್ಡಿಗೆ ಹಳೇ ಡ್ರೈವರ್ರೇ ಆಗಬೇಕು ಅಂತ ಇಲ್ಲಿ ಬರೆದಿದ್ದಾರಲ್ರೀ, ಅಡಿಗೆರೆ ಬೇರೆ ಎಳೆದಿದ್ದಾರೆ!" ಎಂದು ಅವರು ಚೀಟಿ ತೋರಿಸಿ ನಕ್ಕರು.

"ಮೊದಲೇ ಓದಬಾರದಿತ್ತಾ?"

"ನೀವು ಅವಸರಪಡದೆ ಕೇಳಬಾರದಿತ್ತಾ?"

ಚೀಟಿಯಲ್ಲಿ ಅದಕ್ಕೂ ದಾರಿಯಿತ್ತು. ಕಂಟ್ರೋಲ್, ಆಲ್ಟ್, ಎಫ್-ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಿತ್ರವಿಲ್ಲದ, ಬರೀ ಅಕ್ಷರದ ಪರದೆ ಬಂತು. ನನ್ನ ಬೆರಳು ಸಾಲದೆಂದು ಅವರೂ ಕೈ ಹಾಕಿದರು. ಹೊಸದನ್ನು ತೆಗೆದು ಸಣ್ಣ ಅಂಕಿಯದ್ದನ್ನು ಹಾಕಿದೆವು. ಶೇಕಡಾ ಹತ್ತು, ಹನ್ನೊಂದು ಎಂದು ಅದು ತೆವಳತೊಡಗಿತು.

ಶೇಕಡಾ ನಲವತ್ತರಲ್ಲಿ ನಾನು ಬಾಯಿ ಬಿಟ್ಟೆ.

"ಹೋಗಬೇಡಿ. ಇಲ್ಲೇ ಇರಿ. ನನ್ನ ಜೊತೆ."

ಅವರು ಬೆಚ್ಚಲಿಲ್ಲ. ಖಾಲಿ ಮಂಚದ ಕಡೆ ನೋಡಿದರು. "ಮಗಳಿದ್ದಾಳೆ ಅವರಿಗೆ, ನಿಜ. ಆದ್ರೆ ನೋವು ಬಂದಾಗ ಅವರು ಕೂಗೋದು ನನ್ನನ್ನ. ಇವತ್ತು ಬೆಳಿಗ್ಗೆ ಫೋನ್ ಮಾಡಿದ್ರು, ಇನ್ನೂ ಹೊರಟಿಲ್ವೇನೇ ಅಂತ ಅತ್ರು. ಇಪ್ಪತ್ತಾರು ವರ್ಷ ನನ್ನ ಕಣ್ಣೀರು ಒರೆಸಿದ ಕೈ ಅದು."

"ಅವರನ್ನೂ ಕರ್ಕೊಂಡು ಬನ್ನಿ. ನನ್ನ ಕೋಣೆಗೆ ಮೆಟ್ಟಿಲಿಲ್ಲ."

"ಕಿಟಕಿನೂ ಇಲ್ಲ," ಎಂದರು ಮೆತ್ತಗೆ. "ನೋಡಿದ್ದೀನಿ. ಅವರನ್ನ ಪಕ್ಕಕ್ಕೆ ಹೊರಳಿಸೋಕೇ ಇಬ್ಬರು ಬೇಕು. ಅಲ್ಲಿ ನರ್ಸ್ ಬರ್ತಾರೆ, ಆಸ್ಪತ್ರೆ ಮೂರು ಮನೆ ಆಚೆ ಇದೆ."

ಶೇಕಡಾ ಅರವತ್ತು.

"ಎರಡು ತಿಂಗಳ ಹಿಂದೆ ಯಾಕೆ ಕೇಳ್ಲಿಲ್ಲ?" ಎಂದರು.

"ಕೇಳಿದ್ರೆ ಇರ್ತಿದ್ರಾ?"

ಅವರು ಸುಳ್ಳು ಹೇಳುವವರಲ್ಲ. "ಇಲ್ಲ. ಇರೋಕಾಗ್ತಿರಲಿಲ್ಲ. ಆದ್ರೆ ಎರಡು ತಿಂಗಳು ಆ ಮಾತು ನನ್ನ ಹತ್ರ ಇರ್ತಿತ್ತು."

ನಾನು ತಲೆ ತಗ್ಗಿಸಿದೆ. ಕೀಲಿಮಣೆಯ ಮೇಲಿದ್ದ ನನ್ನ ಕೈಯ ಮೇಲೆ ಅವರ ಕೈ ಬಂತು. ಟೈಪ್ ಮಾಡಿ ಮಾಡಿ ತುದಿ ಗಟ್ಟಿಯಾದ ಬೆರಳುಗಳು. ನೂರಾಗುವವರೆಗೂ ತೆಗೆಯಲಿಲ್ಲ.

ರೀಸ್ಟಾರ್ಟ್ ಮಾಡಿದೆವು. ಕಂಪನಿಯ ಗುರುತು. ಕಪ್ಪು. ಕಪ್ಪು. ಆಮೇಲೆ ಯಾರೂ ಏನೂ ಒತ್ತದೆ ಪರದೆ ತಾನಾಗಿಯೇ ತೆರೆಯಿತು. ದಪ್ಪ ಅಕ್ಷರಗಳು ಹೋಗಿ ಎಲ್ಲ ಕೂದಲೆಳೆಯಷ್ಟು ಸ್ಪಷ್ಟ. ಹಾಗೆ ನಾವು ಅದನ್ನು ಎಂದೂ ನೋಡಿರಲಿಲ್ಲ.

"ಎಷ್ಟು ಚೆನ್ನಾಗಿದೆ," ಎಂದರು. ಇಬ್ಬರಿಗೂ ಅದು ಇಷ್ಟವಾಗಲಿಲ್ಲ.

ಬಸ್ಸು ಬೆಳಿಗ್ಗೆ ಏಳೂ ಕಾಲಿಗೆ. ಸಾಮಾನು ಹಿಂದಿನ ದಿನವೇ ಲಾರಿಯಲ್ಲಿ ಹೋಗಿತ್ತು. ಅವರ ಕೈಯಲ್ಲಿ ಒಂದು ಚೀಲವಿತ್ತು. ಅದನ್ನು ನಾನು ಹಿಡಿದುಕೊಂಡು ನಡೆದೆ. ಕಿಟಕಿಯ ಪಕ್ಕ ಕೂರಿಸಿ ಕೆಳಗಿಳಿದೆ. ಏಳೂ ಕಾಲಾಯಿತು. ಬಸ್ಸು ಹೊರಡಲಿಲ್ಲ. ಡ್ರೈವರ್ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ.

ಟೈಪಿಸ್ಟಮ್ಮ ಸೀಟಿನಿಂದ ಎದ್ದು ಕೆಳಗಿಳಿದು ಬಂದು ನನ್ನ ಪಕ್ಕ ನಿಂತರು. ಇಬ್ಬರೂ ಆ ಡ್ರೈವರನ್ನೇ ನೋಡುತ್ತಿದ್ದೆವು. ಅವನು ಲೋಟ ಕೆಳಗಿಟ್ಟ. ಇನ್ನೊಂದು ಕುಡಿಯಲಪ್ಪ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಅವನು ಇನ್ನೊಂದು ತಗೊಂಡ. ಟೈಪಿಸ್ಟಮ್ಮನ ಉಸಿರು ನನ್ನ ಪಕ್ಕದಲ್ಲಿ ಸಡಿಲವಾದದ್ದು ಕೇಳಿಸಿತು.

ಆ ಎರಡನೇ ಲೋಟವನ್ನು ಅವನು ಊದಿ ಆರಿಸಿಕೊಂಡು ನಿಧಾನವಾಗಿ ಕುಡಿದ. ಏಳೂವರೆಗೆ ಅವರು ಹೊರಟರು. ಅವತ್ತು ಗುರುವಾರ.